ಅಪ್ಪನ ಕಷಾಯಕ್ಕೆ ಹಾಕಿದ ಬೆಲ್ಲ

೧೯೭೮ರಲ್ಲಿ ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆಯೆಂದು ಶಿರಾದ ಡಾಕ್ಟರು ಹೇಳಿದಾಗ ನನಗೆ ಹತ್ತೊಂಬತ್ತು ವರ್ಷ. ನಮ್ಮೂರು ಮದಲೂರು ಕೆರೆಯ ಆಚೆ ಬದಿಗೆ. ಅಪ್ಪ ಕಂಬಳಿ ನೇಯುತ್ತಿದ್ದರು. ಅವ್ವ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆಯೆಲ್ಲ ನನ್ನದೇ. ಎಸ್ಸೆಸ್ಸೆಲ್ಸಿ ಪಾಸಾದವಳೆಂಬ ಜಂಬವೂ ಕೊಂಚ ಜಾಸ್ತಿಯೇ ಇತ್ತು.

ಡಾಕ್ಟರು ಮಾತ್ರೆ ಬರೆದುಕೊಟ್ಟು, "ಸಕ್ಕರೆ ಮುಟ್ಟಬಾರದು, ಅನ್ನ ಕಮ್ಮಿ ಮಾಡಿ, ಕಾಲಿಗೆ ಗಾಯ ಆಗದ ಹಾಗೆ ನೋಡ್ಕೊಳ್ಳಿ" ಅಂದರು. ನನ್ನ ತಲೆಗೆ ಹೋಗಿದ್ದು ಮೊದಲೆರಡು ಮಾತ್ರ. ಮನೆಗೆ ಬಂದವಳೇ ಸಕ್ಕರೆ ಡಬ್ಬಿಯನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟೆ.

ಶಿರಾ ಪೇಟೆಯಲ್ಲಿ ಗಿಡಮೂಲಿಕೆ ಮಾರುವ ಮುದುಕರೊಬ್ಬರಿದ್ದರು, ಎಲ್ಲರೂ ಅವರನ್ನು ಚಾಚಾ ಅನ್ನುತ್ತಿದ್ದರು. "ದಾಲ್ಚಿನಿ, ಮೆಂತ್ಯ, ನೇರಳೆ ಬೀಜ ಕೂಡ್ಸಿ ಕುದ್ಸಿ ಕೊಡಮ್ಮಾ. ಆದ್ರೆ ಡಾಕ್ಟರ್ ದವಾ ಬಿಡಿಸ್ಬೇಡ, ಇದು ಅದ್ರ ಜೊತೆಗೆ ಅಷ್ಟೇ" ಅಂದರು. ದಾಲ್ಚಿನಿ ಅಂದರೆ ನಾವು ಸಾರಿನ ಪುಡಿಗೆ ಹುರಿದು ಹಾಕುವ ಚಕ್ಕೆ. ಒಳ್ಳೆಯ ಮನುಷ್ಯ, ಹೇಳಬೇಕಾದ್ದನ್ನೆಲ್ಲ ಹೇಳಿಯೇ ಕಳಿಸಿದರು.

ಅಪ್ಪ ಒಂದು ಗುಟುಕು ಕುಡಿದು ಮುಖ ಕಿವುಚಿದರು. "ಥೂ, ವಿಷ ಇದ್ದಂಗೈತೆ ಕಣವ್ವಾ. ಇದ್ನ ಹೆಂಗೆ ಕುಡೀಲಿ?"

ನಮ್ಮ ಕಡೆ ನೆಗಡಿಗಾಗಲಿ ಜ್ವರಕ್ಕಾಗಲಿ ಬೆಲ್ಲ ಹಾಕದೆ ಕಷಾಯ ಕಾಯಿಸುವವರೇ ಇಲ್ಲ. ಬಾಣಂತಿಗೂ ಬೆಲ್ಲ, ಬಿಸಿಲಲ್ಲಿ ಬಂದವರಿಗೂ ನೀರಿನ ಜೊತೆ ಬೆಲ್ಲ. ಡಾಕ್ಟರು ಬೇಡವೆಂದದ್ದು ಅಂಗಡಿಯ ಬಿಳಿ ಸಕ್ಕರೆಯನ್ನು, ಆಲೆಮನೆಯ ಬೆಲ್ಲದಿಂದ ಯಾರಿಗೇನಾದೀತು ಅಂದುಕೊಂಡು ಹೆಬ್ಬೆರಳ ಗಾತ್ರದ ಉಂಡೆ ಹಾಕಿದೆ. ಅಪ್ಪ ಲೋಟ ಖಾಲಿ ಮಾಡಿದರು. ಮಾತ್ರೆಯ ಜೊತೆಗೇ ದಿನಕ್ಕೆ ಮೂರು ಲೋಟ ಕುಡಿಸುತ್ತಾ ಬಂದೆ. ಅನ್ನ ಬಿಡಿಸಿದ್ದೇನಲ್ಲ, ಪಾಪ ಹಸಿದಾರು ಎಂದು ಮುದ್ದೆಯನ್ನೂ ದೊಡ್ಡದು ಮಾಡಿದೆ.

ಕೊರಟಗೆರೆಯಲ್ಲಿ ನೆಂಟರ ಮದುವೆ. ಅಪ್ಪನ ಎಲೆಗೆ ಬಡಿಸಿದ ಲಾಡನ್ನು ಪಂಕ್ತಿಯವರೆಲ್ಲ ನೋಡುತ್ತಿರುವಂತೆಯೇ ಎತ್ತಿಕೊಂಡು, "ಸಾಯ್ಬೇಕಂತ ಮಾಡಿದೀಯೇನಪ್ಪಾ?" ಎಂದು ಗದರಿದೆ. ಅಪ್ಪ ನಾಚಿಕೊಂಡು, "ನನ್ ಮಗ್ಳು ಡಾಕ್ಟ್ರಾಗ್ಬುಟ್ಟವ್ಳೆ ಕಣ್ರಪ್ಪಾ" ಅಂದರು. ಅವತ್ತು ಸಂಜೆ ಊರಿಗೆ ಬಂದು ನಾನೇ ಬೆಲ್ಲದ ಕಷಾಯ ಕಾಯಿಸಿ ಕೊಟ್ಟೆ. ಎಂಥ ಪೆದ್ದಿ ನಾನು.

ವರ್ಷ ತುಂಬುವುದರೊಳಗೆ ಅಪ್ಪ ಇಳಿದುಹೋದರು. ಅಂಗಿ ಜೋತಾಡುತ್ತಿತ್ತು, ಎಷ್ಟು ನೀರು ಕುಡಿದರೂ ದಾಹ. ಕಷಾಯ ಸಾಲುತ್ತಿಲ್ಲವೆಂದು ನಾಲ್ಕನೇ ಲೋಟ ಶುರುಮಾಡಿದೆ.

ಕಂಬಳಿ ಮಗ್ಗಕ್ಕೆ ನೆಲದಲ್ಲಿ ಗುಂಡಿ ಇರುತ್ತದೆ. ಅದರಲ್ಲಿ ಕಾಲು ಇಳಿಬಿಟ್ಟು ಹಲಗೆ ತುಳಿಯುತ್ತಾ ನೇಯಬೇಕು. ಒಂದು ದಿನ ಮಗ್ಗದ ಕಡೆಯಿಂದ ಕೆಟ್ಟ ವಾಸನೆ ಬಂತು. ಕಂಬಳಿಗೆ ಬಳಿಯುವ ಹುಣಸೆ ಬೀಜದ ಗಂಜಿ ಹಳಸಿದೆಯೆಂದು ಮಡಕೆ ಸಮೇತ ಚೆಲ್ಲಿ ಬಂದೆ. ಮಾರನೇ ದಿನವೂ ವಾಸನೆ ಹೋಗಲಿಲ್ಲ. ಅಪ್ಪನನ್ನು ಮೇಲಕ್ಕೆ ಹತ್ತಿಸಿ ನೋಡಿದರೆ ಬಲಗಾಲಿನ ಅಡಿ ಕಪ್ಪಗಾಗಿತ್ತು. ಹಲಗೆಯ ಮೊಳೆ ಯಾವತ್ತೋ ಚುಚ್ಚಿತ್ತು. "ನೋವೇ ಇಲ್ವಲ್ಲವ್ವಾ" ಅಂದರು ಅಪ್ಪ.

ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು ಮೂತ್ರ ಪರೀಕ್ಷೆ ಮಾಡಿಸಿ, "ಮಾತ್ರೆ ನುಂಗ್ತಿದ್ರೂ ಇಷ್ಟೊಂದು ಹೆಂಗಾಯ್ತು? ಏನೇನು ತಿಂತಿದ್ರಿ?" ಎಂದು ಕೇಳಿದರು. ಅಪ್ಪ ಚಕ್ಕೆ ಕಷಾಯದ ವಿಷಯ ಹೇಳಿದರು.

"ಅದಕ್ಕೆ ಸಿಹಿ ಏನಾದ್ರೂ ಹಾಕ್ತಿದ್ರಾ?"

"ಒಸಿ ಬೆಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಸಕ್ಕರೆ ಆದ್ರೇನು, ಬೆಲ್ಲ ಆದ್ರೇನು, ಎರಡೂ ಒಂದೇ ಅಲ್ವೇನ್ರೀ? ಯಾರು ಹಾಕ್ತಿದ್ದೋರು?"

ಅಪ್ಪ ನನ್ನ ಮುಖ ನೋಡಿದರು. ಆಮೇಲೆ ಡಾಕ್ಟರ ಕಡೆ ತಿರುಗಿ, "ನಾನೇ ಸ್ವಾಮಿ. ಮಗ್ಳ ಕಣ್ ತಪ್ಸಿ ಹಾಕ್ಕಂಡು ಕುಡೀತಿದ್ದೆ. ಬ್ಯಾಡ ಬ್ಯಾಡ ಅಂತ ಬಡ್ಕಂಡ್ಲು, ನಾನೇ ಕೇಳ್ಲಿಲ್ಲ" ಅಂದರು.

ಡಾಕ್ಟರು ಅಪ್ಪನಿಗೆ ಚೆನ್ನಾಗಿ ಬೈದರು. ನನ್ನ ಕಡೆ ನೋಡಿ ಮೆತ್ತಗೆ, "ನೀನೇನು ಮಾಡೋಕಾಗತ್ತಮ್ಮ, ಬೇಜಾರು ಮಾಡ್ಕೋಬೇಡ" ಅಂದರು. ನಾನು ತಲೆಯಾಡಿಸಿದೆ. ಅಷ್ಟೇ ನಾನು ಮಾಡಿದ್ದು.

ಮಂಡಿಯ ಕೆಳಗೆ ಕಾಲು ತೆಗೆದರು. ಹಲಗೆ ತುಳಿಯಲು ಎರಡು ಕಾಲೂ ಬೇಕು, ಮಗ್ಗ ನಿಂತಿತು. ಗುಂಡಿಗೆ ನಾನೇ ಮಣ್ಣು ತುಂಬಿದೆ. ಅಪ್ಪ ಜಗಲಿಯ ಮೇಲೆ ಕೂತು ಮೂರು ವರ್ಷ ಬದುಕಿದರು. ಹೋಗಿಬರುವವರು, "ಏನಣ್ಣೋ, ಬೆಲ್ಲಕ್ಕೋಸ್ಕರ ಕಾಲು ಕಳ್ಕಂಬುಟ್ಟಲ್ಲೋ" ಎಂದು ಚುಡಾಯಿಸುತ್ತಿದ್ದರು. ಅಪ್ಪ ನಗುತ್ತಿದ್ದರು. ನಾನು ಒಳಗೆ ಮುದ್ದೆ ತಿರುವುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ. ಎಷ್ಟೋ ಸಲ ಹೊಸ್ತಿಲವರೆಗೆ ಬಂದು, ಬಾಯಿ ಬಾರದೆ ವಾಪಸ್ಸು ಹೋಗಿದ್ದೇನೆ. ಅಪ್ಪನೊಬ್ಬರ ಎದುರಿಗಾದರೂ ತಪ್ಪಾಯಿತು ಅನ್ನಬಹುದಿತ್ತು. ಅದನ್ನೂ ಅನ್ನಲಿಲ್ಲ.

ನಮ್ಮೂರಿನ ಹಳಬರು ಇವತ್ತಿಗೂ ಅಪ್ಪನನ್ನು ಬೆಲ್ಲ ಕದ್ದು ತಿಂದು ಕಾಲು ಕಳೆದುಕೊಂಡವನೆಂದೇ ನೆನೆಯುತ್ತಾರೆ. ಅಪ್ಪ ಕದಿಯಲಿಲ್ಲ. ಹಾಕಿ ಕೊಟ್ಟವಳು ನಾನು.