ಕಣ್ಣು ಮಿಟುಕಿಸಿ

ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಬಲಗಡೆಯಿಂದ ತಾನೇ ಸುರಿಯಿತು. ನಗು ಬಂತು. ಕನ್ನಡಿ ನೋಡಿದರೆ ನಗು ಅರ್ಧ ಮುಖದಲ್ಲೇ ನಿಂತಿತ್ತು.

ಬಲಗಣ್ಣು ಮುಚ್ಚುತ್ತಿರಲಿಲ್ಲ.

“ಗಾಳಿ ಬಡದೈತಿ,” ಎಂದರು ಅತ್ತೆ. ಬಾಗಲಕೋಟೆಯ ಡಾಕ್ಟರು ಬೆಲ್ಸ್ ಪಾಲ್ಸಿ ಎಂದರು. ಮುಖದ ನರ ಸೋತಿದೆ, ವಾಸಿಯಾಗುತ್ತದೆ, ತಿಂಗಳುಗಳೇ ಹಿಡಿಯಬಹುದು. ನಾನು ಇಳಕಲ್ಲಿನಲ್ಲಿ ನೇಕಾರರ ಮನೆಗೆ ನೂಲಿನ ಕಂಡಿಕೆ ಸುತ್ತುವವಳು. ಕೈ ನೆಟ್ಟಗಿದ್ದರೆ ಸಾಕು, ಮುಖ ಸೊಟ್ಟಗಾದರೇನು ಎಂದುಕೊಂಡೆ.

ಅಂಗನವಾಡಿಗೆ ಬೇಕಾಗಿದ್ದು ಮುಖವೇ. ಮಗಳು ಗಂಗಾಳಿಗೆ ಹದಿನಾಲ್ಕು ತಿಂಗಳು, ತೂಕ ಕಡಿಮೆ. ಅಲ್ಲಿ ಕೊಡುವ ಹಿಟ್ಟಿನ ಗಂಜಿಯೊಂದನ್ನೇ ಅವಳು ಹೊಟ್ಟೆತುಂಬ ಉಣ್ಣುತ್ತಿದ್ದಳು. ಮೊದಲೆಲ್ಲ ಸಹಿ ಮಾಡಿದರೆ ಪೊಟ್ಟಣ ಕೈಗೆ ಬರುತ್ತಿತ್ತು. ದಿಲ್ಲಿಯಿಂದ ಹೊಸ ನಿಯಮ ಬಂದ ಮೇಲೆ, ತಾಯಿಯ ಮುಖವನ್ನು ಫೋನು ಒಪ್ಪಬೇಕು.

ಟೀಚರ್ ಶಾಂತಕ್ಕ ನನ್ನ ಮುಖದ ಮುಂದೆ ಫೋನು ಹಿಡಿದರು. ಪರದೆಯ ಮೇಲೆ ‘ಕಣ್ಣು ಮಿಟುಕಿಸಿ’ ಎಂದು ಬಂತು. ಮಿಟುಕಿಸಿದೆ. ಎಡಗಣ್ಣು ಮಾತ್ರ ಮುಚ್ಚಿತು.

“ಸರಕಾರಕ್ಕ ಕಣ್ಣ ಹೊಡಿತಾಳ ನೋಡ್ರೇ!” ಸಾಲಿನಲ್ಲಿದ್ದ ಹೆಂಗಸರು ಕಿಸಕ್ಕೆಂದರು. ನಾನೂ ನಕ್ಕೆ. ಮೂರನೇ ಸಲವೂ ಫೋನು ಒಪ್ಪದಾಗ ಯಾರೂ ನಗಲಿಲ್ಲ.

“ನಾ ನೋಡಾಕತ್ತೇನಿ ನಿನ್ನ, ಯವ್ವಾ. ಈ ಫೋನಿಗೆ ಗುರ್ತ ಸಿಗವಲ್ದು,” ಎಂದರು ಶಾಂತಕ್ಕ. ಅವರ ತಪ್ಪೇನೂ ಇರಲಿಲ್ಲ. ಆದರೂ ಅವರ ಮೇಲೇ ಸಿಟ್ಟು ಬಂತು.

ಪೊಟ್ಟಣವಿಲ್ಲದೆ ಮನೆಗೆ ಬಂದೆ. ಮುಂದಿನ ತಿಂಗಳೂ ಅದೇ. ಅದರ ಮುಂದಿನ ತಿಂಗಳೂ. ಮನೆಯಲ್ಲಿ ದಿನವೂ ಕನ್ನಡಿಯ ಮುಂದೆ ಕೂತು, ಫಿಸಿಯೋಥೆರಪಿಯವರು ಹೇಳಿಕೊಟ್ಟಂತೆ ಕಣ್ಣು ಮುಚ್ಚಿ ತೆರೆಯುತ್ತಿದ್ದೆ. ಗಂಗಾ ತೊಡೆಯ ಮೇಲೆ ಕೂತು ನನ್ನನ್ನೇ ನೋಡಿ ತಾನೂ ಮಾಡುತ್ತಿದ್ದಳು. ನಡುವೆ ಅವಳಿಗೆ ಭೇದಿ ಹತ್ತಿತು. ರೊಟ್ಟಿ ನೆನೆಸಿ ಕೊಟ್ಟರೆ ಉಗುಳುತ್ತಿದ್ದಳು. ಎತ್ತಿಕೊಂಡಾಗ ಮಗು ದಿನದಿನಕ್ಕೆ ಹಗುರವಾಗುತ್ತಿರುವುದು ಕೈಗೆ ತಿಳಿಯುತ್ತಿತ್ತು, ಮನಸ್ಸು ಒಪ್ಪುತ್ತಿರಲಿಲ್ಲ.

ಶಾಂತಕ್ಕ ಅವಳ ತೋಳಿಗೆ ಅಳತೆ ಪಟ್ಟಿ ಸುತ್ತಿದರು. ಹಿಂದೆ ಹಳದಿ ಬಣ್ಣಕ್ಕೆ ನಿಲ್ಲುತ್ತಿತ್ತು.

ಈ ಸಲ ಕೆಂಪು.

ಅವರು ಪಟ್ಟಿಯನ್ನು ಬೇಗ ಬಿಚ್ಚಿದರು. “ನಾಳಿ ಅನಬ್ಯಾಡ. ಇವತ್ತ ದವಾಖಾನಿಗೆ ಹೋಗು.”

ಬಾಗಲಕೋಟೆಯ ಮಕ್ಕಳ ವಾರ್ಡಿನಲ್ಲಿ ಹದಿನಾಲ್ಕು ದಿನ ಇದ್ದೆವು. ಎರಡು ತಾಸಿಗೊಮ್ಮೆ ಹಾಲು. ಮೊದಲ ನಾಲ್ಕು ದಿನ ಅವಳು ಅಳಲೂ ಇಲ್ಲ, ಅದೇ ನನ್ನನ್ನು ಹೆದರಿಸಿತು. ಐದನೇ ದಿನ ಅತ್ತಳು. ಬದುಕಿದೆ ಎನ್ನಿಸಿತು.

ಈಗ ನನ್ನ ಕಣ್ಣು ಮುಕ್ಕಾಲು ಮುಚ್ಚುತ್ತದೆ. ಹೋದ ತಿಂಗಳು ಫೋನು ಒಪ್ಪಿತು, ಪೊಟ್ಟಣ ಸಿಕ್ಕಿತು. ಗಂಗಾ ಗೋಡೆ ಹಿಡಿದು ನಿಲ್ಲುತ್ತಾಳೆ. ದೇವರು ದೊಡ್ಡವನು ಎನ್ನುತ್ತೇನೆ, ಮುಂದಿನ ತಿಂಗಳ ಮಾತು ಎತ್ತುವುದಿಲ್ಲ.

ಮೊನ್ನೆ ನನ್ನ ತಮ್ಮ ಅವಳ ಫೋಟೋ ತೆಗೆಯಲು ಫೋನು ಎತ್ತಿ ಹಿಡಿದ. ಗಂಗಾ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ ತೆರೆದಳು. ಆಮೇಲೆ, ಹಿಟ್ಟಿಗಾಗಿ, ಎರಡೂ ಕೈ ಚಾಚಿದಳು.