ಮೆತ್ತಗೆ ಮಾತಾಡುವ ದೇಶ

ಕ್ಯಾತನಹಳ್ಳಿಯಲ್ಲಿ ನಾವು ಮಾತಾಡುವುದು ನಾಲೆಯ ಈ ದಡದಿಂದ ಆ ದಡಕ್ಕೆ. ಕಬ್ಬಿನ ಗದ್ದೆಯಲ್ಲಿರುವ ತಮ್ಮನನ್ನು ಊಟಕ್ಕೆ ಕರೆಯಲು ಫೋನು ಹುಡುಕುವುದಕ್ಕಿಂತ ಕೂಗಿಬಿಡುವುದೇ ಸಲೀಸು. ಇಂಥ ಗಂಟಲು ಇಟ್ಟುಕೊಂಡು ನಾನು ಜರ್ಮನಿಗೆ ಹೋದೆ. ಅಲ್ಲಿ ನರ್ಸಾಗಿರುವ ಮಗಳಿಗೆ ಹೆರಿಗೆಯಾಗಿತ್ತು. ಬಾಣಂತನಕ್ಕೆ ಹೊರಟವಳು ನನ್ನ ಹೆಂಡತಿ. ಒಬ್ಬಳೇ ವಿಮಾನ ಹತ್ತಲು ಭಯವೆಂದು ನನ್ನನ್ನೂ ಎಳೆದುಕೊಂಡು ಹೋದಳು. ಮೂರು ತಿಂಗಳು.

ಅವಳಿಗೇನು, ಮೆಣಸು ಬೆಳ್ಳುಳ್ಳಿ ಅರೆಯುವುದು, ಮಗುವಿಗೆ ಎಣ್ಣೆ ತಿಕ್ಕುವುದು, ಕೈತುಂಬ ಕೆಲಸ. ನಾನು ಮಾತ್ರ ಸೋಫಾದ ಮೇಲೆ ಇಟ್ಟ ಮೂಟೆ. ಬೀದಿಗೆ ಹೋದರೆ ಎದುರಾದವರು ತಲೆಯಾಡಿಸುವರು, ನಾನೂ ಕೋಲೆಬಸವನಂತೆ ಆಡಿಸುವೆ. ಅಲ್ಲಿಗೆ ಮಾತು ಮುಗಿಯಿತು. ಆ ಕಟ್ಟಡದಲ್ಲಿ ಮಧ್ಯಾಹ್ನದ ಹೊತ್ತು ಯಾರೂ ಸದ್ದು ಮಾಡಬಾರದಂತೆ. ಭಾನುವಾರವಂತೂ ಇಡೀ ದಿನ. ನಾನು ಕೆಮ್ಮಿದರೂ ಮಗಳು ಬಾಗಿಲಲ್ಲಿ ಪ್ರತ್ಯಕ್ಷ.

“ಅಪ್ಪ, ಮೆತ್ತಗೆ. ಮಗ ಎದ್ಬುಡ್ತದೆ. ಕೆಳಗಡೆ ಮನೆ ಅಜ್ಜಿ ಆಗ್ಲೇ ಒಂದ್ಸಲ ಬಂದು ಬಾಗ್ಲು ತಟ್ಟವ್ರೆ.”

ಊರಲ್ಲಿ ನಾನು ಬಿಟ್ಟು ಬಂದಿದ್ದು ಒಂದು ಹಸು. ಕರುವಾಗಿದ್ದಾಗಲೇ ಅದರ ತಾಯಿ ಸತ್ತಿತ್ತು, ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದೆ. ಹಾಲು ಕರೆಯುತ್ತಿದ್ದವನೂ ನಾನೇ. ಕೆಚ್ಚಲಿಗೆ ಕೈ ಹಾಕಿ “ಬುಡು, ಬುಡು, ನಮ್ಮವ್ವ” ಎಂದರೆ ಸಾಕು, ಹಾಲು ಇಳಿಸುತ್ತಿತ್ತು. ನಾನು ಬಂದ ಮೇಲೆ ತಮ್ಮ ಕೂತರೆ ಒದ್ದು ಬಕೆಟ್ಟನ್ನೇ ಉರುಳಿಸಿತಂತೆ. ಹಾಲು ನಿಂತು ಕೆಚ್ಚಲು ಬಾತುಕೊಂಡಿತು. ಹೀಗೇ ಬಿಟ್ಟರೆ ಕೆಚ್ಚಲೇ ಕೆಟ್ಟುಹೋಗುತ್ತದೆ ಎಂದು ದನದ ಡಾಕ್ಟರು ಹೇಳಿ ಹೋಗಿದ್ದರು.

“ಇದು ನನ್ ಮಾತು ಕೇಳಾಕಿಲ್ಲ ಕಣಣ್ಣ. ನೀನೇ ಯೋಳು ಇದ್ಕೆ,” ಎಂದು ತಮ್ಮ ಫೋನನ್ನು ಹಸುವಿನ ಕಿವಿಗೆ ಹಿಡಿದ.

ಅಲ್ಲಿ ಸಂಜೆ ಹಾಲು ಕರೆಯುವ ಹೊತ್ತೆಂದರೆ ಇಲ್ಲಿ ಆ ಹಾಳು ಮಧ್ಯಾಹ್ನ. ನಾನು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿ, ತಲೆ ಮೇಲೆ ಟವಲು ಮುಸುಕಿಕೊಂಡು ಪಿಸುಗುಟ್ಟಿದೆ: “ಬುಡು, ಬುಡು, ನಮ್ಮವ್ವ.”

“ಅದ್ಕೆ ಕೇಳುಸ್ತಿಲ್ಲ ಕಣಣ್ಣ, ಜೋರಾಗ್ ಕೂಗು!”

ಕೂಗಿದೆ. ನಾಲೆ ದಾಟುವ ಹಾಗೆ ಕೂಗಿದೆ. ಮಗು ಎದ್ದು ಕಿರುಚಿತು. ಕೆಳಗಿನ ಅಜ್ಜಿ ಬಂದು ಬಾಗಿಲು ತಟ್ಟಿದರು. ಮಗಳು ನನ್ನ ಮುಖ ನೋಡಿದಳು. ಬೈದಿದ್ದರೂ ಚೆನ್ನಾಗಿತ್ತು, ನಿದ್ದೆಗೆಟ್ಟ ಬಾಣಂತಿ, ಅಳುತ್ತಾ ಒಳಗೆ ಹೋದಳು. ಅತ್ತ ಹಸು ಹಗ್ಗ ಕಿತ್ತುಕೊಂಡು ನನ್ನನ್ನು ಹುಡುಕುತ್ತಾ ಮನೆ ಸುತ್ತುತ್ತಿದೆ ಎಂದು ತಮ್ಮ ಫೋನಿನಲ್ಲಿ ಹೇಳಿದ. ಅದರ ಕೂಗು ಕೇಳಿಸಿತು. ತಾಯಿ ಸತ್ತ ಹೊಸದರಲ್ಲಿ ಹಾಗೇ ಕೂಗುತ್ತಿತ್ತು. ಮಗಳನ್ನು ಸಮಾಧಾನ ಮಾಡಲೂ ಬಾರದೆ, ಹಸುವಿನ ಮೈ ಸವರಲೂ ಆಗದೆ ಬಚ್ಚಲಲ್ಲಿ ನಿಂತೇ ಇದ್ದೆ.

“ಸುಮ್ಕೆ ಒಂದ್ ಕಡೆ ಕೂತ್ಕಳಿ,” ಎಂದಳು ಹೆಂಡತಿ. ಸುಮ್ಮನೆ ಕೂರುವುದಕ್ಕಿಂತ ದೊಡ್ಡ ಕೆಲಸ ನನಗೆ ಆ ದೇಶದಲ್ಲಿ ಸಿಗಲಿಲ್ಲ.

ಕೊನೆಗೆ ದಾರಿ ಕಂಡವಳು ತಮ್ಮನ ಹೆಂಡತಿ. ಗೂಟಕ್ಕೆ ನೇತುಹಾಕಿದ್ದ ನನ್ನ ಹಳೇ ಅಂಗಿ ತೊಟ್ಟು, ನನ್ನ ಟವಲನ್ನು ತಲೆಗೆ ಸುತ್ತಿ, ತುಟಿ ಬಿಚ್ಚದೆ ಕೂತಳಂತೆ. ಹಸು ಮೂಸಿ ನೋಡಿ ಹಾಲು ಬಿಟ್ಟಿತು.

“ಇನ್ ನೀನ್ ಮಾತಾಡ್ಬ್ಯಾಡ ಕಣಣ್ಣ,” ಎಂದ ತಮ್ಮ. “ನಿನ್ ದನಿ ಕೇಳುದ್ರೆ ನಿನ್ನೇ ಉಡುಕ್ತದೆ. ಮತ್ತೆ ಆಲು ಕಟ್ಕಂಬುಡ್ತದೆ.”

ಕೆಚ್ಚಲು ಉಳಿಯಿತಲ್ಲ ಎಂದು ಸಂತೋಷಪಡಬೇಕಿತ್ತು. ಆಗಲಿಲ್ಲ. ಹಸುವಿಗೆ ನನ್ನ ಅಂಗಿ ಸಾಕಾಗಿತ್ತು.

ಆಮೇಲೆ ಹಾಲು ಕರೆಯುವ ಹೊತ್ತಿಗೆ ತಮ್ಮ ಫೋನು ಮಾಡಿ ಕೊಟ್ಟಿಗೆಯ ಕಂಬಕ್ಕೆ ಒರಗಿಸಿ ಇಡುತ್ತಿದ್ದ. ನಾನು ಕಿವಿಗಿಟ್ಟುಕೊಂಡು ಕೂರುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಮಗು ಮಲಗಿರುತ್ತಿತ್ತು. ಬಕೆಟ್ಟಿಗೆ ಹಾಲು ಬೀಳುವ ಸದ್ದು ಸರ್ ಸರ್ ಎಂದು ಬರುತ್ತಿತ್ತು.

ಒಂದು ದಿನ ತಮ್ಮ ಮೆಲ್ಲಗೆ ಕೇಳಿದ: “ಅಣ್ಣ, ಲೈನಲ್ಲಿ ಇದ್ದೀಯಾ?”

ಇದ್ದೀನಿ ಎನ್ನಲು ಬಾಯಿ ತೆರೆದೆ. ಆ ಸದ್ದು ನಿಂತುಬಿಟ್ಟರೆ ಎಂದು ಮುಚ್ಚಿಕೊಂಡೆ.