ಕೆನ್‌ಸ್ಪೆಕಲ್ ಎದ್ದು ನಿಂತಳು

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ ನಾನು ಹಿರೀಸಾವೆ ಕಡೆ ಪಶುವೈದ್ಯನಾಗಿದ್ದೆ. ಊರ ಹಸುಗಳೆಲ್ಲ ಗೌರಿ, ಗಂಗೆ ಆಗಿದ್ದರೆ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಪುಟ್ಟಸ್ವಾಮಯ್ಯನವರ ಕೊಟ್ಟಿಗೆಯಲ್ಲಿ ಕಿಕ್‌ಶಾ, ಕೆಕ್ಸ್, ಕೆನ್‌ಸ್ಪೆಕಲ್! ಅವರ ನಿಘಂಟನ್ನು ಗೆದ್ದಲು ತಿಂದು ‘ಕೆ’ ಅಕ್ಷರದ ಹಾಳೆಗಳಷ್ಟೇ ಉಳಿದಿದ್ದವು. ಅದರಲ್ಲೂ ಬಳಕೆ ತಪ್ಪಿದ ಪದಗಳನ್ನೇ ಹೆಕ್ಕಿ ಕರುಗಳಿಗೆ ಹೆಸರಾಗಿ ಇಡುತ್ತಿದ್ದರು.

ಚಿಕಿತ್ಸಾ ಕಾರ್ಡು ತುಂಬಿಸುವಾಗ ನನಗೆ ರೇಗಿಹೋಗುತ್ತಿತ್ತು. “ಇದೇನು ಹುಚ್ಚು ಮೇಷ್ಟ್ರೇ?” ಅಂದರೆ ನಗುತ್ತಿದ್ದರು.

“ಯಾರೂ ಕರೀದೇ ಬಿಟ್ಟಿರೋ ಪದ ಕಣಪ್ಪ ಇವು. ನನ್ ಕೊಟ್ಟಿಗೇಲಾದ್ರೂ ಕರುಸ್ಕಳ್ಳಿ.”

ಕೊನೆಗೆ ಉಳಿದಿದ್ದವಳು ಕೆನ್‌ಸ್ಪೆಕಲ್ ಒಬ್ಬಳೇ. ನೋಡಿದ ಕೂಡಲೇ ಗುರುತು ಸಿಗುವವಳು ಎಂದರ್ಥ; ಹಣೆಯ ಮೇಲೆ ದೊಡ್ಡ ಬಿಳಿ ಮಚ್ಚೆ.

ಒಂದು ಬೆಳಿಗ್ಗೆ ಮೇಷ್ಟ್ರ ಸೊಸೆ ಸುಮಿತ್ರಾ ಫೋನ್ ಮಾಡಿದಳು. ಮೇಷ್ಟ್ರು ಸೊಂಟ ಮುರಿದುಕೊಂಡು ಹಾಸನದ ಆಸ್ಪತ್ರೆಯಲ್ಲಿದ್ದರು. ಇಲ್ಲಿ ಹಿಂದಿನ ದಿನ ಕರು ಹಾಕಿದ್ದ ಹಸು ಮೇಲೇಳುತ್ತಿಲ್ಲ. ಹೋಗಿ ನೋಡಿದರೆ ಮಿಲ್ಕ್ ಫೀವರ್, ಅಂದರೆ ಹಾಲಿಳಿಯುವಾಗ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುವ ಕಾಯಿಲೆ. ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಕೊಟ್ಟೆ. ತಣ್ಣಗಿದ್ದ ಕಿವಿ ಬೆಚ್ಚಗಾಯಿತು. ಆದರೂ ಹಸು ಏಳಲಿಲ್ಲ. ಹಾಗೇ ಮಲಗಿದ್ದರೆ ತನ್ನ ಭಾರಕ್ಕೇ ಕಾಲಿನ ಸ್ನಾಯು ಸಾಯುತ್ತದೆ, ಆಮೇಲೆ ಹಸು ದಕ್ಕುವುದಿಲ್ಲ.

“ಏಳೇ ಲಕ್ಷ್ಮೀ, ಏಳವ್ವಾ” ಎಂದು ಸುಮಿತ್ರಾ ಅಳುತ್ತಿದ್ದಳು.

“ಲಕ್ಷ್ಮಿ ಯಾರಮ್ಮ? ಇವಳ ಹೆಸರು ಅದಲ್ಲವಲ್ಲ!”

“ಮಾವ ಆಸ್ಪತ್ರೆ ಸೇರ್ದಾಗಿಂದ ನಾ ಅಂಗೇ ಕರೀತೀನಿ ಸಾ. ಆ ಇಂಗ್ಲಿಷು ನನ್ ಬಾಯಲ್ಲಿ ತಿರುಗಲ್ಲ.”

“ಹಾಗಾದರೆ ಮಾವನಿಗೇ ಫೋನ್ ಹಚ್ಚು, ಇವಳಿಗೆ ಗೊತ್ತಿರುವ ಹೆಸರಿಂದ ಅವರೇ ಕರೆಯಲಿ.”

“ಅಯ್ಯೋ ಬ್ಯಾಡಿ ಸಾ! ವಿಷ್ಯ ಗೊತ್ತಾದ್ರೆ ಮುರುದ್ ಸೊಂಟದಲ್ಲೇ ಎದ್ದು ಬಂದ್ಬುಡ್ತಾರೆ.”

“ಹಾಗಿದ್ದರೆ ನೀನೇ ಕರಿ.” ಸ್ವಲ್ಪ ಗದರಿಯೇ ಹೇಳಿದೆ.

ಮೊದಲ ಸಲ ನಾಚಿಕೊಂಡಳು. ಎರಡನೇ ಸಲ ತೊದಲಿದಳು. ಮೂರನೇ ಸಲ ಕಣ್ಣು ಮುಚ್ಚಿ “ಕೆನ್‌ಸ್ಪೆಕಲ್, ಬಾರೇ!” ಎಂದು ಥೇಟ್ ಮೇಷ್ಟ್ರ ರಾಗದಲ್ಲೇ ಎಳೆದಳು. ಹಸುವಿನ ಕಿವಿ ತಿರುಗಿತು. ಇನ್ನೊಂದು ಸಲ ಕರೆದಾಗ ಹಿಂಗಾಲು ಊರಿ, ನಡುಗುತ್ತಲೇ ಎದ್ದು ನಿಂತಳು. ಸುಮಿತ್ರಾ ಅವಳ ಕೊರಳು ತಬ್ಬಿಕೊಂಡು ಅತ್ತಳು. ನಾನೂ ಕನ್ನಡಕ ಒರೆಸಿಕೊಂಡೆ.

ಕ್ಯಾಲ್ಸಿಯಂ ಕೆಲಸ ಮಾಡಿತ್ತು, ನಿಜ. ಆದರೂ ಅಂದಿನಿಂದ ಸ್ಟೆತಾಸ್ಕೋಪ್ ತೆಗೆಯುವ ಮೊದಲು, ಮನೆಯಲ್ಲಿ ಇದನ್ನು ಏನೆಂದು ಕರೆಯುತ್ತೀರಿ ಎಂದು ಕೇಳುವುದನ್ನು ಕಲಿತೆ.

ಮೇಷ್ಟ್ರು ಕೋಲೂರಿಕೊಂಡು ಮನೆಗೆ ಬಂದ ದಿನ ನಾನೂ ಅಲ್ಲಿದ್ದೆ. “ಕರುಗೆ ಏನ್ ಹೆಸ್ರಿಡಾನ?” ಎನ್ನುತ್ತ ಹಾಳೆಗಳಿಗೆ ಕೈ ಹಾಕಿದರು.

“ಇಟ್ಟಾಯ್ತು ಮಾವ. ಕಿಂಚಿನ್. ನಿಮ್ ಹಾಳೇಲಿ ಪುಟ್ಟ ಮಗು ಅಂತ ಅರ್ಥ ಕೊಟ್ಟವ್ರೆ.”

ಮೇಷ್ಟ್ರು ಹಾಳೆಗಳನ್ನು ಜೋಡಿಸಿ ಸೊಸೆಯ ಕೈಗೇ ಕೊಟ್ಟುಬಿಟ್ಟರು. ನಾನು ಹೊಸ ಕಾರ್ಡು ತೆಗೆದೆ. ಸ್ಪೆಲಿಂಗ್ ಹೇಳಿದವಳು ಸುಮಿತ್ರಾ.